ಹವಳದ ಎಲೆಯಲ್ಲಿ ಅನ್ನವಿಲ್ಲ

ಸಾಹುಕಾರ ನಂಜುಂಡಶೆಟ್ಟರು ಹೊಸ ಮನೆಯ ಹಜಾರದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಡಿಸಿ, ಜೀವಂತ ಹವಳ ತರಿಸಿದರು. ಬೆಳಕಿಗೆ ಮಾತ್ರ ಗೃಹಪ್ರವೇಶದ ಚಪ್ಪರದಿಂದ ಬಿಚ್ಚಿದ ಸೀರಿಯಲ್ ಸೆಟ್ಟನ್ನೇ ಸುತ್ತಿಸಿದರು. ಹವಳ ದಿನೇ ದಿನೇ ಬಾಡಿತು.

"ಇದಕ್ಕೆ ಕಳೆ ಬರಲಿಲ್ಲವೋ, ನಿನ್ನ ಕೆಲಸ ಹೋಯ್ತು!" ಎಂದು, ತೊಟ್ಟಿಯನ್ನೂ ನೋಡಿಕೊಳ್ಳುತ್ತಿದ್ದ ಅಡುಗೆಯವನ ಮೇಲೆ ಹರಿಹಾಯ್ದರು.

"ಬುದ್ಧೀ, ಅದಕ್ಕೆ ಬೆಳಕೇ ಊಟ. ಹವಳಕ್ಕೆ ಅಂತಲೇ ಅಗ್ಗದ ನೀಲಿ ಎಲ್ಇಡಿ ಸಿಗುತ್ತೆ."

"ಉರಿಯೋದೆಲ್ಲ ಬೆಳಕೇ ಕಣೋ!"

ಮಧ್ಯಾಹ್ನ ಅಡುಗೆಯವನು ಎಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿ ಕೈಕಟ್ಟಿ ನಿಂತ.

"ಅನ್ನ ಎಲ್ಲೋ?"

"ಎಲೇಲಿರೋದೆಲ್ಲ ಊಟವೇ ಅಲ್ವಾ ಬುದ್ಧೀ?"

ಶೆಟ್ಟರು ಪೆಚ್ಚಾದರು. ಸಂಜೆಗೇ ಎಲ್ಇಡಿ ಬಂತು. ಹಚ್ಚಿ ನೋಡಿದರೆ ಹವಳ ಸತ್ತು ಸುಣ್ಣದಂತೆ ಬಿಳಿಚಿತ್ತು.

ಅಡುಗೆಯವನ ಕಣ್ಣು ತುಂಬಿತು. ಶೆಟ್ಟರು ಹಿಗ್ಗಿ ಅವನ ಬೆನ್ನು ತಟ್ಟಿದರು:

"ಭೇಷ್! ಲೈಟ್ ಹಾಕಿದ ಕೂಡಲೇ ಎಷ್ಟು ಫಳಫಳ ಅಂತಿದೆ ನೋಡು!"