ಸೋಮಭೂಪನ ಕೋಲಿಗೆ ಬಿಲ್ಲೆ ಆರಿಸಿದ ಜುಂಜ

"ಕಡಗೋಡು ಸಂಸ್ಥಾನದ ಪ್ರಜೆಗಳೆಲ್ಲ ಕಿವಿಗೊಡಿ! ಸೋಮಭೂಪ ದೊರೆಗಳ ಆಟದ ಕೋಲಿಗೆ ಬಾಳಿಕೆ ಬರುವ ಬಿಲ್ಲೆ ಬೇಕಾಗಿದೆ. ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರಮನೆಯ ಕೋಲುಗಾರನ ಪದವಿ, ಮನೆ, ಒಂದು ಊರು ಉಂಬಳಿ. ಒಂದು ತಪ್ಪಿದರೂ ಪಡುವಣ ಕೋಟೆಗೋಡೆಯಿಂದ ಕೆಳಕ್ಕೆ!"

ಡಂಗುರದವನು ಕೊನೆಯ ಮಾತನ್ನು ಎರಡೆರಡು ಸಲ ಸಾರಿಕೊಂಡು ಹೋದ.

ದೊರೆಗೆ ಕೋಲುಚೆಂಡಿನ ಹುಚ್ಚು. ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ದಂತದ ಚೆಂಡುಗಳನ್ನು ಕೋಲಿನಿಂದ ತಿವಿದು ಕುಳಿಗೆ ಬೀಳಿಸುವ ಆಟ ಅದು. ಕೋಲಿನ ತುದಿಗೆ ಅಂಟಿಸುವ ಪುಟ್ಟ ಬಿಲ್ಲೆಯೇ ಅದರ ಜೀವ. ಕಳೆದ ದಸರೆಯಲ್ಲಿ ನೆರೆಯ ದೊರೆಯೆದುರು ಆಡುವಾಗ ಬಿಲ್ಲೆ ಸೀಳಿ, ಚೆಂಡು ಅಡ್ಡಹೋಗಿ, ನೆರೆದವರು ನಕ್ಕುಬಿಟ್ಟಿದ್ದರು. ಬಿಲ್ಲೆ ಮಾಡಿದ ಮುದುಕ ದ್ಯಾವಪ್ಪನ ಬಲಗೈಯನ್ನು ದೊರೆ ಅಂದೇ ಕಡಿಸಿ, ಅವನನ್ನು ಸೆರೆಗೆ ನೂಕಿಸಿದ್ದ.

ಆ ಸೆರೆಮನೆಗೆ ಗಂಜಿ ಹೊರುವ ಆಳು ಜುಂಜ. ತಂದೆತಾಯಿ ಇಲ್ಲದವನು. ದ್ಯಾವಪ್ಪನ ಮೊಂಡುಗೈಯನ್ನು ಬೇವಿನ ನೀರಲ್ಲಿ ತೊಳೆದು, ಎಡಗೈಗೆ ಬಟ್ಟಲು ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿರುತ್ತಿದ್ದ. ಮುದುಕ ಅವನನ್ನು ಮಗಾ ಎನ್ನುತ್ತಿದ್ದ.

ಮೊದಲು ಬಂದವನು ದಳವಾಯಿಯ ಮಗ ಕೆಂಪರಾಯ. ತುಂಬಿದ ಸಭೆಯಲ್ಲಿ ದೊರೆ ಕೇಳಿದ, "ಬದುಕಿದ್ದಾಗ ಒಂದು ನೊಣ ಕೂತರೂ ನಡುಗುತ್ತಿತ್ತು. ಸತ್ತ ಮೇಲೆ ಎಷ್ಟು ಪೆಟ್ಟು ಬಿದ್ದರೂ ನಡುಗುವುದಿಲ್ಲ. ಏನದು?"

"ಹೆಣ, ಪ್ರಭು."

"ಹೌದೇ? ಹೆಣ ಪೆಟ್ಟು ತಡೆಯುತ್ತದೋ ಇಲ್ಲವೋ, ನೋಡಿಯೇ ಬಿಡೋಣ," ಎಂದ ದೊರೆ. ಅವನನ್ನು ಗೋಡೆಯಿಂದ ತಳ್ಳಿದ ಮೇಲೆ ಇಬ್ಬರು ಆಳುಗಳನ್ನು ಕೆಳಕ್ಕೆ ಕಳಿಸಿ, ಮೈ ಎಲ್ಲೆಲ್ಲಿ ಒಡೆದಿದೆಯೆಂದು ನೋಡಿಸಿ, ಸಭೆಗೆ ಹೇಳಿಸಿದ. ದಳವಾಯಿ ಅಲ್ಲೇ ನಿಂತು ಕೇಳಬೇಕಾಯಿತು.

ಎರಡನೆಯವನು ಮುತ್ತಿನ ವ್ಯಾಪಾರಿ ಪದುಮಣ್ಣ. "ತೊಗಲು, ಪ್ರಭು," ಎಂದು ಮೊದಲನೆಯದನ್ನು ಬಿಡಿಸಿದ. ಆಗ ದೊರೆ ಬೆಳ್ಳಿ ತಟ್ಟೆಯಲ್ಲಿ ಮೂರು ಬಿಲ್ಲೆ ತರಿಸಿದ. "ಒಬ್ಬ ಚೆಂಡನ್ನು ಅಪ್ಪಿಕೊಂಡು ತಾನೇ ಕೆಡುತ್ತಾನೆ. ಒಬ್ಬ ತಾನು ಕೆಡುವುದಿಲ್ಲ, ಆಟ ಕೆಡಿಸುತ್ತಾನೆ. ಒಬ್ಬ ನನ್ನ ಜೊತೆ ಬಾಳುತ್ತಾನೆ. ಅವನನ್ನು ಎತ್ತಿಕೊಡು."

ಪದುಮಣ್ಣ ಕುಟ್ಟಿ ನೋಡಿ, ಎಲ್ಲಕ್ಕಿಂತ ಗಟ್ಟಿಯಾದ ಕರಿ ಕೊಂಬಿನ ಬಿಲ್ಲೆ ಕೊಟ್ಟ. ದೊರೆ ಅದನ್ನು ಅಂಟಿಸಿ ತಿವಿದ. ಕೋಲು ಜಾರಿ ಚೆಂಡು ಪಕ್ಕಕ್ಕೆ ಉರುಳಿತು. ಪದುಮಣ್ಣನನ್ನು ಎಳೆದೊಯ್ಯುವಾಗ ಜುಂಜ ಗಂಜಿಯ ಕೊಡ ಹೊತ್ತು ಬಾಗಿಲು ದಾಟುತ್ತಿದ್ದ. ಹೊರಗೆ ಕಾದಿದ್ದ ಪದುಮಣ್ಣನ ಹೆಂಡತಿ, "ಅಣ್ಣಾ, ನಮ್ಮೆಜಮಾನರು ಗೆದ್ದರಾ?" ಎಂದಳು. ಜುಂಜ ತಲೆ ತಗ್ಗಿಸಿ ಸೆರೆಮನೆಯ ಕಡೆ ನಡೆದ.

ಆಮೇಲೆ ಯಾರೂ ಬರಲಿಲ್ಲ. ದೊರೆಗೆ ಬೇಸರವಾಯಿತು. ಒಂದು ಬೆಳಗ್ಗೆ ಅಂಗಳದಲ್ಲಿ ಹೋಗುತ್ತಿದ್ದ ಜುಂಜನ ಕಡೆ ಬೆರಳು ತೋರಿಸಿ, "ನಾಳೆ ಇವನು," ಎಂದ.

ಜುಂಜ ಅಂದು ಗಂಜಿ ಬಡಿಸುವಾಗ ನೆಲಕ್ಕೆಲ್ಲ ಚೆಲ್ಲಿದ. ದ್ಯಾವಪ್ಪ ವಿಷಯ ಕೇಳಿ ಬಟ್ಟಲು ಕೆಳಗಿಟ್ಟ. ಆಮೇಲೆ, "ವ್ಯಾಪಾರಿ ಯಾವುದು ಕೊಟ್ಟ?" ಎಂದ.

"ಕೊಂಬಿಂದು, ತಾತ."

"ಕೊಂಬು ಚೆಂಡನ್ನ ಹಿಡಿಯಲ್ಲ ಮಗಾ, ಜಾರುತ್ತೆ. ಮೆತ್ತಗಿನ ತೊಗಲು ಹಿಡಿಯುತ್ತೆ, ಆದರೆ ನಾಲ್ಕಾಟಕ್ಕೆ ಅಣಬೆ ಹಾಗೆ ಉಬ್ಬುತ್ತೆ. ಹಂದಿ ತೊಗಲನ್ನ ಪದರ ಪದರ ಅಂಟಿಸಿ, ಒತ್ತಿ ಒಣಗಿಸಿದ್ದು ಬಾಳುತ್ತೆ. ಉಗುರು ಒತ್ತು, ಗುರುತು ಉಳೀಬಾರದು. ಅಂಚಿಗೆ ಎಂಜಲು ಹಚ್ಚಿ ಉಜ್ಜು, ಪದರ ಬಿಚ್ಚಬಾರದು. ದಸರೇಲಿ ಒಣಗೋಕೆ ಬಿಡದೆ ಅವಸರ ಮಾಡಿದ್ದು ದೊರೆ. ಅದಕ್ಕೇ ಸೀಳ್ತು."

"ಮೂರನೇ ಒಗಟು?"

"ಅಲ್ಲೀವರೆಗೆ ಯಾರೂ ಹೋಗಿಲ್ಲವಲ್ಲ. ಕಣ್ಣು ಬಿಟ್ಕೊಂಡು ನಿಲ್ಲು. ದೊರೆ ಮುಖ ನೋಡಬೇಡ, ಹೆದರ್ತೀಯ. ಕೈ ನೋಡು."

ಮರುದಿನ ದೊರೆ ಅವೇ ಒಗಟುಗಳನ್ನು ಕೇಳಿದ. ಜುಂಜ ಮೊದಲನೆಯದಕ್ಕೆ ತೊಗಲು ಎಂದ. ತಟ್ಟೆಯಲ್ಲಿದ್ದವನ್ನು ಉಗುರಿನಿಂದ ಒತ್ತಿದ, ಎಂಜಲು ಹಚ್ಚಿ ಉಜ್ಜಿದ. ಆಸ್ಥಾನದವರು ಮೂಗು ಮುರಿದರು. ಅವನು ಮಾಸಲು ಬಣ್ಣದ ಪದರದ ಬಿಲ್ಲೆ ಎತ್ತಿಕೊಟ್ಟ. ದೊರೆ ಅದನ್ನು ನೋಡಿ, ಬಾಗಿಲಲ್ಲಿದ್ದ ಕಾವಲುಗಾರನಿಗೆ ಕಣ್ಸನ್ನೆ ಮಾಡಿದ. ಕಾವಲುಗಾರ ಹೊರಟುಹೋದ.

"ಈಗ ಕೊನೆಯದು. ಇವನಿಗೆ ಅನ್ನ ಬೇಡ, ನೀರು ಬೇಡ. ಪ್ರತಿ ಪೆಟ್ಟಿಗೂ ಮುಂಚೆ ಒಂದು ಮುಕ್ಕು ಬೇಕು. ಉಪವಾಸ ದುಡಿಸಿದರೆ ಎಷ್ಟೇ ಗಟ್ಟಿಗನಾದರೂ ದ್ರೋಹ ಮಾಡುತ್ತಾನೆ. ಏನು ಮುಕ್ಕುತ್ತಾನೆ?"

ಜುಂಜ ಮುದುಕನ ಮಾತು ನೆನೆದು ದೊರೆಯ ಕೈ ನೋಡಿದ. ಬೆರಳ ಸಂದಿಯಲ್ಲಿ, ಉಗುರಿನ ಅಡಿಯಲ್ಲಿ ನೀಲಿ ಪುಡಿ.

"ಸೀಮೆಸುಣ್ಣ, ಬುದ್ಧೀ. ಗಟ್ಟಿ ಬಿಲ್ಲೆ ಮೈ ನುಣುಪು. ಪುಡಿ ಹಚ್ಚದಿದ್ದರೆ ಜಾರುತ್ತದೆ."

ದೊರೆ ಬಿಲ್ಲೆ ಅಂಟಿಸಿ, ನೀಲಿ ಸುಣ್ಣ ತಿಕ್ಕಿ, ತಿವಿದ. ಚೆಂಡು ನೇರ ಹೋಗಿ ಕುಳಿಗೆ ಬಿತ್ತು. ಸಭೆ ಜಯಕಾರ ಹಾಕಿತು. ಜುಂಜನ ಹೆಗಲಿಗೆ ಶಾಲು ಬಿತ್ತು, ಕೈಗೆ ಕೋಲುಗಾರನ ಮನೆಯ ಬೀಗದ ಕೈ ಬಂತು.

ಅವನು ಅಡ್ಡಬಿದ್ದು, "ಬುದ್ಧೀ, ಉಂಬಳಿ ಬೇಡ. ದ್ಯಾವಪ್ಪ ತಾತನನ್ನ ಬಿಟ್ಟುಬಿಡಿ, ನಾನು ಸಾಕಿಕೊಳ್ಳುತ್ತೀನಿ," ಎಂದ.

ದೊರೆ ಕೋಲಿನ ಮೇಲಿಂದ ಕಣ್ಣೆತ್ತಲಿಲ್ಲ. "ಅವನನ್ನು ಆಗಲೇ ಗೋಡೆಯಿಂದ ತಳ್ಳಿಯಾಯಿತು. ಇನ್ನೊಬ್ಬ ಕೋಲುಗಾರ ಸಿಗುವವರೆಗೆ ಮಾತ್ರ ನಿನ್ನ ಉಸಿರು ಎಂದು ಅವನಿಗೆ ಮೊದಲೇ ಹೇಳಿದ್ದೆ. ನೀನು ಬಿಲ್ಲೆ ಎತ್ತಿದ ರೀತಿಯಲ್ಲೇ ತಿಳಿಯಿತು, ಅವನೇ ಕಲಿಸಿದ್ದಾನೆ, ಇನ್ನು ಅವನು ಬೇಕಾಗಿಲ್ಲ ಎಂದು. ಮುದುಕನಿಗೆ ಬುದ್ಧಿ ಕೆಟ್ಟಿತ್ತು."

ಮುದುಕನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಹೇಳಿಕೊಟ್ಟಿದ್ದ. ಜುಂಜ ಅಡ್ಡಬಿದ್ದಲ್ಲಿಂದ ಏಳಲಿಲ್ಲ.

"ಹೆಣವನ್ನಾದರೂ ಕೊಡಿ, ಬುದ್ಧೀ."

"ತೆಗೆದುಕೋ. ಮಧ್ಯಾಹ್ನದೊಳಗೆ ಬಾ, ಇನ್ನೂ ಎರಡು ಕೋಲಿಗೆ ಬಿಲ್ಲೆ ಹಾಕಬೇಕು."

ಜುಂಜ ಗೋಡೆಯ ಬುಡಕ್ಕೆ ಹೋಗಿ, ಶಾಲಿನಲ್ಲಿ ದ್ಯಾವಪ್ಪನನ್ನು ಸುತ್ತಿ, ಒಬ್ಬನೇ ಗುಂಡಿ ತೋಡಿ ಹೂಳಿದ. ಕೈಕಾಲು ತೊಳೆದುಕೊಂಡ. ಮಧ್ಯಾಹ್ನದ ನಗಾರಿ ಬಾರಿಸುವ ಮೊದಲೇ ಅರಮನೆಯ ಮೆಟ್ಟಿಲು ಹತ್ತಿದ. ಅವನನ್ನು ನೋಡಿ ಕಾವಲುಗಾರರು ಬಗ್ಗಿ ಕೈಮುಗಿದರು.