ಇಳಿಯಬಹುದು ಎಂದವನು

ಹೊಳೆದಂಡೆಯ ಮಠದಲ್ಲಿ ಒಬ್ಬ ಅಜ್ಜರಿದ್ದರು. ಬಾಯಿ ಸ್ವಲ್ಪ ಜೋರು. ಅವರಿಗೆ ರೇವಯ್ಯ ಅಂತ ಒಬ್ಬನೇ ಶಿಷ್ಯ.

ಆ ಊರಿನಲ್ಲಿ ಹೊಳೆಗೊಂದು ಕಟ್ಟಳೆ ಇತ್ತು. ಮಳೆಗಾಲದಲ್ಲಿ ನೀರು ನೋಡಿ ‘ಇಳಿಯಬಹುದು’ ಎಂದವನೇ ಮೊದಲು ಇಳಿಯಬೇಕು, ಅದೂ ತನ್ನ ಮನೆಯ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು. ಹಾಗಾಗಿ ಅಲ್ಲಿ ಯಾರೂ ಸುಮ್ಮಸುಮ್ಮನೆ ಆ ಮಾತು ಆಡುತ್ತಿರಲಿಲ್ಲ.

ನ್ಯಾಯಕ್ಕೂ ಒಂದು ಕಟ್ಟಳೆ. ಕೊಲೆಯಂಥ ಆರೋಪ ಬಂದರೆ ಐದು ಮಂದಿ ಪಂಚರು ಕೂತು ತೀರ್ಪು ಹೇಳುತ್ತಿದ್ದರು. ಅವರು ಕೂರುವ ಮೊದಲು ಮಠದಿಂದ ಒಬ್ಬರು ಹೋಗಿ, ಹೇಗೆ ತೂಗಿ ನೋಡಬೇಕು ಅಂತ ತಿಳಿಹೇಳಬೇಕಿತ್ತು.

ಆ ವರ್ಷ ಊರ ದೇಸಾಯಿಯ ಕಣಜಕ್ಕೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕಾವಲುಗಾರ, ಪಾಪ, ಸುಟ್ಟು ಸತ್ತ. ಕುಂಬಾರ ನಿಂಬೆವ್ವನನ್ನು ಹಿಡಿದು ಕಟ್ಟಿದರು. ತಪ್ಪು ಸಾಬೀತಾದರೆ ಕಲ್ಲು ಕಟ್ಟಿ ಮಡುವಿಗೆ ನೂಕುವುದೇ ಶಿಕ್ಷೆ.

ಅಜ್ಜರ ಮೊಣಕಾಲು ಬಾತಿತ್ತು. ಪಂಚರಿಗೆ ತಿಳಿಹೇಳಲು ರೇವಯ್ಯನನ್ನು ಕಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಅವನು ಮರಳಿ ಬಂದ.

“ತೀರ್ಪು ಆತ್ರಿ ಅಜ್ಜಾರ. ಆಕೀನ ಬೆಂಕಿ ಹಚ್ಚ್ಯಾಳ ಅಂದ್ರು.”

“ಯಾರು ನೋಡಿದ್ರು?”

“ಹಚ್ಚೂದು ಯಾರೂ ನೋಡಿಲ್ರಿ. ಆದ್ರ ಹಿಂದಿನ ದಿನ ದೇಸಾಯರ ಎತ್ತು ಆಕಿ ಹಸಿ ಗಡಿಗಿ ತುಳದಿದ್ವು. ನಿನ್ನ ಕಣಜಕ್ಕ ಬೆಂಕಿ ಬೀಳ ಅಂತ ಸಂತ್ಯಾಗ ನಿಂತು ಬೈದಿದ್ಲು.”

“ಬೆಳಿಗ್ಗೆ ಹಾಲು ಕುಡದ ಬೆಕ್ಕಿಗೆ ನೀ ಏನಂದಿ?”

ರೇವಯ್ಯ ತಲೆ ಕೆರೆದುಕೊಂಡ. “ನಿನ್ನ ಹೆಣಾ ಎತ್ಲಿ ಅಂದೆ.”

“ಬೆಕ್ಕು ಸತ್ರ ನಿನ್ನ ಕಟ್ಟಿ ಹಾಕ್ಲೇನು?”

“ಅಷ್ಟ ಅಲ್ರಿ. ಆಕಿ ಮನ್ಯಾಗ ಯಾವಾಗ್ಲೂ ಕೆಂಡ ಇರ್ತಾವ. ಹೊಗ್ಯಾಗ ಒಬ್ಬ ಹೆಂಗಸು ಓಡಿದ್ದು ಕಂಡವರು ಅದಾರ. ಆಕಿ ಅಲ್ದ ಮತ್ಯಾರು?”

“ಅದಿರ್ಲಿ. ಪಂಚರಿಗೆ ನೀ ಏನ್ ಹೇಳ್ದಿ?”

ರೇವಯ್ಯ ಎದೆ ಉಬ್ಬಿಸಿದ. “ಎರಡೂ ಕಡೆ ತೂಗಿ ನೋಡ್ರಿ, ಯಾವ ಕಡೆ ಒಂದು ಕಾಳಿನಷ್ಟು ಜಾಸ್ತಿ ಖರೆ ಅನಸ್ತೈತೋ ಅದನ್ನ ಹೇಳ್ರಿ, ಅಂದೆ.”

ಅಜ್ಜರು ದಡಕ್ಕನೆ ಎದ್ದು ನಿಂತರು. ನೋವಿಗೆ ಮುಖ ಕಿವುಚಿತು.

“ಏ ಹುಚ್ಚಪ್ಪಾ! ಇಬ್ಬರು ಒಂದ ಆಕಳಿಗೆ ಜಗಳಾಡಿದ್ರ ಆ ಮಾತು ನಡೀತೈತಿ. ತಪ್ಪಿದ್ರ ನಾಳೆ ಆಕಳ ಹೊಳ್ಳಿ ಕೊಟ್ರಾತು. ಇದು ಆಕಳ ಅಲ್ಲೋ!”

“ಈಗ ಏನ್ ಮಾಡೂದ್ರಿ? ತೀರ್ಪು ಆಗಿಬಿಟ್ಟೈತಿ.”

“ತೀರ್ಪು ಆಗೈತಿ. ಕಲ್ಲು ಇನ್ನಾ ಮುಳುಗಿಲ್ಲ. ಹೆಗಲು ಕೊಡು.”

ದಂಡೆಯಲ್ಲಿ ಊರೇ ಸೇರಿತ್ತು. ನಿಂಬೆವ್ವನ ಸೊಂಟಕ್ಕೆ ಒರಳುಕಲ್ಲು ಕಟ್ಟಿದ್ದರು. ಆಕೆ ಅಳುತ್ತಿರಲಿಲ್ಲ. ಐದೂ ಪಂಚರ ಹೆಸರು ಹಿಡಿದು ಬೈಯುತ್ತಿದ್ದಳು.

ದೇಸಾಯಿ ಅಜ್ಜರನ್ನು ಕಂಡು ಹುಬ್ಬು ಗಂಟಿಕ್ಕಿದ. “ಬರಬಾರದಿತ್ರಿ ಅಜ್ಜಾರ. ಕಾಲು ಬ್ಯಾನಿ ಐತಿ ನಿಮಗ.”

“ನಾಲಿಗಿ ನೆಟ್ಟಗ ಐತಿ,” ಎಂದರು ಅಜ್ಜರು.

ಅವರು ಹಿರಿಯ ಪಂಚ ಭರಮಪ್ಪನ ಕಡೆ ತಿರುಗಿದರು. ಭರಮಪ್ಪನ ಕಂಕುಳಲ್ಲಿ ಮೊಮ್ಮಗಳು ಕೂತಿದ್ದಳು. ಹೊಳೆ ಕೆಂಪಗೆ ಹರಿಯುತ್ತಿತ್ತು. ಜನ ದಾಟುವ ಕಡೆ ಗುರುತಿನ ಕಲ್ಲಿನ ತಲೆ ಮಾತ್ರ ಕಾಣುತ್ತಿತ್ತು.

“ಭರಮಪ್ಪಾ, ದಾಟೂ ಜಾಗಾದಾಗ ಇವತ್ತು ನೀರು ಎಷ್ಟೈತಿ?”

“ಎದಿಮಟ್ಟ ಇರಬೇಕ್ರಿ. ಗುರುತಿನ ಕಲ್ಲು ಕಾಣಾಕತ್ತೈತಲ್ಲ.”

“ಹಂಗಾರ ಇಳೀಬಹುದು?”

“ಇಳೀಬಹುದು ಅನಸ್ತೈತ್ರಿ.”

“ಊರ ಮುಂದ ಅಂದಿ. ಇಳಿ ಮತ್ತ. ಕೂಸಿನ್ನ ಹೆಗಲ ಮ್ಯಾಲ ಕೂರಸ್ಕೊ.”

ಭರಮಪ್ಪ ಮೊಮ್ಮಗಳನ್ನು ಅವಚಿಕೊಂಡು ಹಿಂದೆ ಸರಿದ.

“ಯಾಕೋ? ಇಳೀಬಹುದು ಅಂದೆಲ್ಲ!”

“ಅನಸ್ತೈತಿ ಅಂದೀನ್ರಿ, ಅಷ್ಟ. ನಿನ್ನಿ ಮಳಿಗೆ ತಳದಾಗ ಗುಂಡಿ ಬಿದ್ದಿದ್ರ? ಕೋಲು ಇಟ್ಟು ನೋಡಿಲ್ಲ, ಕಾಲು ಇಟ್ಟು ನೋಡಿಲ್ಲ. ಬರೇ ಕಲ್ಲಿನ ತಲಿ ನೋಡಿ ಕೂಸು ಹೊತ್ತು ಇಳಿಯೂದು ಹ್ಯಾಂಗ್ರಿ?”

“ಇಳದ್ರ ಏನಾಗ್ತೈತಿ?”

“ತಪ್ಪಿದ್ರ ಕೂಸು ಹೊಳ್ಳಿ ಬರ್ತೈತೇನ್ರಿ!” ಭರಮಪ್ಪನಿಗೆ ಸಿಟ್ಟೇ ಬಂದಿತ್ತು.

“ನಿಂಬೆವ್ವ ಬರ್ತಾಳೇನು?”

ಭರಮಪ್ಪ ನಿಂಬೆವ್ವನ ಸೊಂಟದ ಕಲ್ಲಿನ ಕಡೆ ನೋಡಿದ.

“ನನ್ನ ಶಿಷ್ಯ ನಿಮಗ ತಪ್ಪು ಹೇಳ್ಯಾನ,” ಎಂದರು ಅಜ್ಜರು ಪಂಚರಿಗೆ. “ಆ ತಪ್ಪು ಮಠದ್ದು. ಈಗ ನಾ ಹೇಳ್ತೀನಿ ಕೇಳ್ರಿ. ನಿಮ್ಮ ಕೂಸಿನ್ನ ಹೊತ್ತು ಹೊಳಿಗೆ ಇಳಿಯಾಕ ಎಷ್ಟು ಧೈರ್ಯ ಬೇಕು, ಅಷ್ಟು ಧೈರ್ಯ ಇದ್ರ ಆಕೀನ ಹಚ್ಚ್ಯಾಳ ಅನ್ರಿ. ಇಲ್ಲಂದ್ರ ಬಿಡ್ರಿ.”

ಭರಮಪ್ಪ ತಲೆ ತಗ್ಗಿಸಿದ. “ನನಗ ಅಷ್ಟು ಧೈರ್ಯ ಇಲ್ರಿ.”

ಉಳಿದವರೂ ಅದನ್ನೇ ಹೇಳಿದರು. ಕೊನೆಯವನು ದೇಸಾಯಿಯ ಮುಖ ನೋಡಿ, ಆಮೇಲೆ ಹೇಳಿದ.

ದೇಸಾಯಿ ಕೆಂಡವಾದ. “ಮಠ ನಿಂತದ್ದು ನನ್ನ ನೆಲದ ಮ್ಯಾಲ! ನಾಳೇನ ಖಾಲಿ ಮಾಡಸ್ತೀನಿ.”

“ನಾಳೆ ಯಾಕ? ಇವತ್ತ ಮಾಡಸು. ಎರಡು ತಂಬಿಗಿ, ಒಂದು ಬೆಕ್ಕು. ಹೊತ್ತುಕೊಂಡು ಹೋಗಾಕ ಎಷ್ಟೊತ್ತು ಬೇಕು?”

“ನನ್ನ ಕಾವಲುಗಾರ ಸತ್ತಾನ್ರಿ! ಅವನಿಗೆ ನ್ಯಾಯ ಬ್ಯಾಡೇನು?”

“ಬೇಕು. ಹುಡುಕು. ಈ ಕುಂಟಗಾಲಾಗ ನಾನೂ ಬರ್ತೀನಿ. ಆದ್ರ ಕೈಗೆ ಸಿಕ್ಕವರನ್ನ ಮುಳುಗಿಸಿ ಅದನ್ನ ನ್ಯಾಯ ಅನಬ್ಯಾಡ.” ಅಜ್ಜರು ನಿಂಬೆವ್ವನ ಮುಂದೆ ಹೋಗಿ ನಿಂತರು. “ಈಕಿನ್ನ ನೂಕಾಂವ ಮೊದಲು ನನ್ನ ನೂಕಬೇಕು. ಯಾರು ಬರ್ತೀರಿ, ಬರ್ರಿ.”

ದೇಸಾಯಿಯ ಆಳುಗಳು ನೆಲ ನೋಡುತ್ತ ನಿಂತರು. ದೇಸಾಯಿ ಎರಡು ಸಲ ಕೂಗಿದ. ಯಾರೂ ಕದಲಲಿಲ್ಲ. ಅವನು ಕುದುರೆ ಹತ್ತಿ ಹೋದ.

“ರೇವಯ್ಯಾ, ಹಗ್ಗ ಬಿಚ್ಚು.”

ನೆನೆದ ಗಂಟು ಬಿಗಿದಿತ್ತು. ರೇವಯ್ಯನ ಉಗುರು ಸೀಳಿ ರಕ್ತ ಬಂತು, ಆದರೂ ಅವನು ಬಿಡಲಿಲ್ಲ. ಕೊನೆಗೆ ಕಲ್ಲು ಮರಳಿಗೆ ಬಿತ್ತು.

ನಿಂಬೆವ್ವ ಅವನನ್ನು ದುರುಗುಟ್ಟಿ ನೋಡಿದಳು. “ನಿನ್ನ ಬಾಯಾಗ ಮಣ್ಣು ಬೀಳ,” ಎಂದು ಬೈದು, ಸೀರೆ ಕೊಡವಿಕೊಂಡು ಊರ ಕಡೆ ನಡೆದಳು.

ಮಠದ ದಾರಿಯಲ್ಲಿ ರೇವಯ್ಯ ಅಜ್ಜರಿಗೆ ಹೆಗಲು ಕೊಟ್ಟು ನಡೆದ. ಅರ್ಧ ದಾರಿಗೆ ಬಂದಾಗ ತಡೆಯಲಾಗಲಿಲ್ಲ.

“ಸಿಟ್ಟಾಗಬ್ಯಾಡ್ರಿ ಅಜ್ಜಾರ. ನನಗಷ್ಟ ಖರೆ ಹೇಳ್ರಿ. ಆಕಿ ಬೆಂಕಿ ಹಚ್ಚ್ಯಾಳೋ, ಇಲ್ಲೋ?”

“ನನಗೇನು ಗೊತ್ತೋ!” ಎಂದರು ಅಜ್ಜರು. “ಗೊತ್ತಿಲ್ಲಂತನ ಹಗ್ಗ ಬಿಚ್ಚಿಸಿದೆ.”