ಬೂದಿ ಫಕೀರವ್ವ

ಅಣ್ಣಾರ, ಚೂರು ಸರೀರಿ, ಕುಂಡರ್ತೀನಿ. ನಂಬಂಗಿಲ್ರಿ ನೀವು, ಈಗ ಅರ್ಧಾ ತಾಸಿನ್ಯಾಗ ಏನಾತು ಗೊತ್ತೇನ್ರಿ? ಇವತ್ತು ನಮ್ಮೂರ ನೂಲಿಗೆ ಬಣ್ಣ ಹಾಕೋ ಬಾಯ್ಲರಿನ ಉರಿ ಆರಿಸೋ ದಿನ. ನಾ ಒಳಗ ತಲಿ ಹಾಕಿ ಬೂದಿ ಬಳದು ಹೊರಗ ತಗೀತಿದ್ದೆ, ಓಣಿ ಮಂದಿ ನನ್ನ ಕಾಲು ಹಿಡದು ಎಳದು, ನೂಕಿ, ಈ ಬಸ್ಸಿಗೆ ಹತ್ತಿಸಿಬಿಟ್ರು! ಕೈ ನೋಡ್ರಿ, ಬೂದಿ ಇನ್ನೂ ಹಂಗ ಐತಿ. ಅಕ್ಕಗ ಹೆರಿಗಿ ಬ್ಯಾನಿ ಸುರುವಾಗೇತಂತ ಫೋನ್ ಬಂದಿತ್ರಿ. ಇಷ್ಟು ಮುಗಿಸಿ ಹೋಗ್ತೀನಿ ಅಂದೆ, ಅಷ್ಟ! ಈರಭದ್ರ ಕಾಕಾ, "ಏ ಹುಚ್ಚಪ್ಯಾಲಿ, ಫಕೀರವ್ವನ್ನ ಮರ್ತ್ಯೇನಲೇ? ನಡಿ!" ಅಂತ ಬೆನ್ನಿಗೆ ಒಂದು ಕೊಟ್ಟ.

ಯಾವ ಫಕೀರವ್ವ ಅಂತೀರೇನು? ಕೇಳ್ರಿ ಮತ್ತ.

ಅಜ್ಜನ ಅಜ್ಜಗೂ ನೆನಪಿಲ್ಲದಷ್ಟು ಹಿಂದ, ಹಳ್ಳದ ದಂಡಿ ಮ್ಯಾಲ ನಮ್ಮ ನೇಕಾರರ ಊರು. ಊರ ನಡುವ, ಬಯಲಾಗ, ಆನಿಯಷ್ಟು ದೊಡ್ಡ ಕಬ್ಬಿಣದ ಬಾಯ್ಲರ್ ಇತ್ತಂತ. ಕೆಳಗ ಕಟಗಿ ಉರಿ, ಮ್ಯಾಲ ನೀರು. ನಲವತ್ತು ಮನಿ ನೂಲು ಅದರ ಬಿಸಿನೀರಾಗ ಬಣ್ಣ ಕುಡೀತಿತ್ತಂತ. ಅದಕ್ಕ ಉರಿ ಹಾಕೋರು ಫಕೀರವ್ವ, ಆಕಿ ಗಂಡ.

ಮಳಿಗಾಲದಾಗ ನೂಲು ಒಣಗಂಗಿಲ್ಲ, ಬಾಯ್ಲರ್ ಆರಸ್ತಿದ್ರು. ಬೂದಿ ಮಾತ್ರ ತಗೀತಿದ್ದಿಲ್ಲಂತ. ಒಲಿ ಬೂದಿ ಅಂದ್ರ ಲಕ್ಷ್ಮಿ, ಹೊರಗ ಹಾಕಿದ್ರ ಮಗ್ಗ ನಿಲ್ತಾವ ಅಂತ ನಂಬಿದ್ರು. ಆ ಬೂದಿ ಮಳಿ ತಂಪು ಕುಡದು ಕುಡದು ಕಬ್ಬಿಣ ತಿಂತಿತ್ತಂತ. ಹಂಗ ತುಕ್ಕು ಹಿಡದ ತಳ ಒಂದಿನ ಒಡದು, ಕುದಿನೀರು ಬಿದ್ದು, ಫಕೀರವ್ವನ ಗಂಡ ಸತ್ತ.

ಹೊಸ ಬಾಯ್ಲರ್ ಬಂತು. ಆಕಿ ಯಾರ ಮಾತೂ ಕೇಳಲಿಲ್ಲಂತ. ಆರಿಸಿದ ದಿನಾನ ಬೂದಿ ಪೂರ್ತಿ ಬಳೀತಿದ್ಲಂತ, ಒಣ ಅರಿಬಿಲೆ ಒರಸ್ತಿದ್ಲಂತ, ಅಗಸಿ ಎಣ್ಣಿ ಹಚ್ಚತಿದ್ಲಂತ, ಮ್ಯಾಲ ಗಾಳಿ ಆಡದಂಗ ಕಂಠಮಟ ನೀರು ತುಂಬತಿದ್ಲಂತ. ಮಂದಿ ಏನಂತಿದ್ರು? "ಗಂಡನ್ನ ತಿಂದ್ಲು, ಈಗ ಲಕ್ಷ್ಮೀನೂ ತಿಪ್ಪಿಗೆ ಹಾಕ್ತಾಳ ಬೂದಿ ಫಕೀರವ್ವ!"

ಒಂದು ವರ್ಷ ಹಿಂಗ ಆರಿಸಿದ ದಿನ, ಹಳ್ಳದಾಚಿ ಊರಿಂದ ಸುದ್ದಿ ಬಂತಂತ. ಇದ್ದಾಕಿ ಒಬ್ಬಾಕಿ ಮಗಳು, ಹೂವಕ್ಕ. ಬ್ಯಾನಿ ಹತ್ತೇತಿ, ಕೂಸು ಅಡ್ಡ ಬಂದೈತಿ, ಅವ್ವಾ ಅವ್ವಾ ಅಂತಾಳಂತ. ಪಡುವಣಕ್ಕ ಮೋಡ ಕರ್ರಗ, ಮಳಿ ಬಿದ್ರ ಬೂದಿ ತೊಯ್ದು ಮತ್ತ ಕಬ್ಬಿಣ ತಿಂತೈತಿ. ಫಕೀರವ್ವ ನಲವತ್ತೂ ಮನಿ ಬಾಗಲಾ ಬಡದ್ಲಂತ, ಇದೊಂದು ಸಲ ಬೂದಿ ಬಳೀರೋ ಯಪ್ಪಾ ಅಂತ. ಒಬ್ಬರೂ ಹೊರಗ ಬರಲಿಲ್ಲಂತ.

ಆಕಾಶ ನೋಡಿದ್ಲಂತ. ಬಾಯ್ಲರ್ ನೋಡಿದ್ಲಂತ. ಬೆಂದ ಗಂಡನ ಮಾರಿ ಕಣ್ಣಿಗೆ ಬಂತಂತ. ಮತ್ತೊಬ್ಬಾಕಿ ಗಂಡ ಹಂಗ ಸಾಯಬಾರದಂತ ಒಳಗ ತಲಿ ಹಾಕಿದ್ಲಂತ. ಒಂದ ತಾಸಿನ ಕೆಲಸ್ರೀ ಅಣ್ಣಾರ, ಒಂದ ತಾಸು! ಮುಗಿಸಿ ಓಡಿದ್ಲು. ಅಷ್ಟರಾಗ ಮ್ಯಾಲಿನ ಮಳಿಗೆ ಹಳ್ಳ ತುಂಬಿ ನಿಂತಿತ್ತು.

ಮೂರು ದಿನ ದಂಡಿ ಮ್ಯಾಲ ಕುಂತ್ಲಂತ. ಆ ಕಡಿ ಮಗಳು, ಅವ್ವ ದಾಟಿದ್ಲೇನು, ಅವ್ವ ದಾಟಿದ್ಲೇನು ಅಂತ ಕೇಳಿ ಕೇಳಿ ಎರಡನೇ ದಿನ ಸುಮ್ಮನಾದ್ಲಂತ. ಕೂಸೂ ಉಳೀಲಿಲ್ಲ. ಫಕೀರವ್ವ ನೀರಾಗ ಕೈ ಅದ್ದಿದ್ರ, ಹಳ್ಳ ಮೂರು ದಿನ ಬೂದಿ ಬಣ್ಣ ಹರೀತಂತ, ಕೈ ಮಾತ್ರ ಬೆಳ್ಳಗಾಗಲಿಲ್ಲಂತ. ಆಮ್ಯಾಲ ಆಕೀನ್ನ ಕಂಡವರಿಲ್ಲ.

ಬಾಯ್ಲರ್ ಇನ್ನೂ ಐತ್ರಿ. ಆಕಿ ಎಣ್ಣಿ ಹಚ್ಚಿದ ಅದ ಬಾಯ್ಲರ್ ಅಂತಾರ, ಒಂದು ತೂತಿಲ್ಲ.

ಅದಕ್ಕ ಇವತ್ತಿಗೂ ನಲವತ್ತು ಮನಿಯವರೂ ಬಂದು ಒಂದೊಂದು ಬುಟ್ಟಿ ಬೂದಿ ಹೊತ್ತು ಹಳ್ಳಕ್ಕ ಬಿಡ್ತಾರ. ಒಳಗ ತಲಿ ಹಾಕೋಕಿಂತ ಮೊದಲ ಹಿರಿಯರು ಕೇಳ್ತಾರ, "ನಿನ್ನ ಹಾದಿ ಯಾರರೆ ಕಾಯಾಕತ್ತಾರೇನು?" ಹೂಂ ಅಂದ್ಯೋ, ನಿಲ್ಲಗೊಡಂಗಿಲ್ಲ. ನನ್ನ ಬುಟ್ಟಿ ಈಗ ಕಾಕಾ ಹೊರಾಕತ್ತಿರ್ತಾನ.

ಅಗೋ, ಹಳ್ಳ ಬಂತು ನೋಡ್ರಿ. ಈಗ ಸೇತುವಿ ಐತಿ, ಆವಾಗ ಇದ್ದಿಲ್ಲ. ಮ್ಯಾಲ ಅಂಥಾ ಮೋಡ, ಕರದ್ರ ಒಬ್ಬರೂ ಬರವಲ್ಲರು, ಆಚಿ ದಂಡ್ಯಾಗ ಹೆತ್ತ ಮಗಳು... ಖರೇ ಹೇಳ್ರಿ ಅಣ್ಣಾರ, ನೀವಾಗಿದ್ರ ಏನು ಮಾಡ್ತಿದ್ರಿ?